ಹ್ಯಾಂಡಲ್ ಮೇಲಿನ ಕುಂಕುಮ

ಹೆತ್ತವರಿಗೆ ಹೆಗ್ಗಣ ಮುದ್ದು, ನಮ್ಮಣ್ಣ ರಾಮಾನುಜನಿಗೆ ಅವನ ಸೈಕಲ್ಲು ಮುದ್ದು. ತೊಂಬತ್ತರ ದಶಕದ ಮೌಂಟನ್ ಬೈಕು ಅದು. ಊರು ಬಿಟ್ಟು ಹೊರಟಿದ್ದ ಯಾರೋ ಜರ್ಮನಿಯವನಿಂದ ಕೊಂಡಿದ್ದ. ಮದುವೆಯಾಗು ಅಂದಾಗಲೆಲ್ಲ ನಂದಿಬೆಟ್ಟಕ್ಕೆ ಹೊರಟುಬಿಡುತ್ತಿದ್ದ. ನಾನೂ ಆಗಲಿಲ್ಲ ಬಿಡಿ, ನನಗೆ ಬೆಟ್ಟದ ನೆಪವೂ ಇರಲಿಲ್ಲ. ಮಲ್ಲೇಶ್ವರದ ಬಾಡಿಗೆ ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಜಗಳವಾಡಿಕೊಂಡು ಸುಖವಾಗಿದ್ದೆವು. ಎರಡು ವರ್ಷದ ಹಿಂದೆ ಎದೆನೋವು ಅಂತ ಮಲಗಿದವನು ಏಳಲಿಲ್ಲ.

ಬೆಟ್ಟದಿಂದ ಬಂದರೆ ಗೇಟಿನ ಹೊರಗೇ ನಿಂತು ಎರಡು ಸಲ ಬೆಲ್ ಹೊಡೆಯುತ್ತಿದ್ದ. ಇಳಿದು ಗೇಟು ತೆಗೆಯಲು ದೊರೆಗೆ ಆಗುತ್ತಿರಲಿಲ್ಲ. ನಾನು ಬೈಯುತ್ತ ಹೋಗಿ ತೆಗೆಯುತ್ತಿದ್ದೆ. ಬೈಯುವುದಕ್ಕಾದರೂ ಮನೆಯಲ್ಲಿ ಒಬ್ಬರು ಬೇಕು ಅನ್ನುವುದು ಅವನು ಹೋದ ಮೇಲೆ ಗೊತ್ತಾಯಿತು.

ಈಗ ಆ ಸೈಕಲ್ಲನ್ನು ನಾನು ತುಳಿಯುತ್ತೇನೆ. ಬ್ಯಾಂಕಿನಿಂದ ರಿಟೈರ್ ಆದ ಹೆಂಗಸು, ಚೂಡಿದಾರ್ ಹಾಕಿಕೊಂಡು ಸಂಪಿಗೆ ರಸ್ತೆಯಲ್ಲಿ! ಪಕ್ಕದ ಮನೆ ಶೈಲಜಮ್ಮನಿಗೆ ಎಷ್ಟು ನೋಡಿದರೂ ಸಾಲದು. ನೋಡಲಿ. ಹ್ಯಾಂಡಲ್ಲಿನ ರಬ್ಬರ್ ಹಿಡಿ ಅಣ್ಣನ ಬೆರಳಿದ್ದ ಕಡೆ ಸವೆದು ತಗ್ಗಾಗಿದೆ. ಅಲ್ಲಿ ನನ್ನ ಬೆರಳಿಟ್ಟರೆ ಅಷ್ಟು ಹೊತ್ತಾದರೂ ಒಂಟಿ ಅನ್ನಿಸುವುದಿಲ್ಲ. ಈ ಸಲ ಆಯುಧಪೂಜೆ ಮುಗಿಸಿ ನಂದಿಬೆಟ್ಟಕ್ಕೇ ಹೋಗುವುದೆಂದು ತೀರ್ಮಾನಿಸಿದೆ. ಹತ್ತುವಾಗ ತಳ್ಳಿಕೊಂಡು ಹೋದರಾಯಿತು, ಇಳಿಯುವಾಗ ಕೂತರಾಯಿತು.

ಅದಕ್ಕೆ ಮೊದಲು ಚೈನ್ ತೋರಿಸೋಣ ಅಂತ ಚಾಮರಾಜಪೇಟೆಗೆ ಹೋದೆ. ಅಲ್ಲಿ ವಸಂತನ ಸೈಕಲ್ ಅಂಗಡಿಯಿದೆ. ಅಣ್ಣನ ಜೊತೆ ಬೆಟ್ಟ ಹತ್ತುತ್ತಿದ್ದವನು, ಮಾತಿನ ಮಲ್ಲ.

"ಚೈನ್ ಇರ್ಲಿ ಆಂಡಾಳ್ ಮೇಡಂ, ಮೊದ್ಲು ಈ ಹ್ಯಾಂಡಲ್ ಬದಲಾಯಿಸ್ಬೇಕು. ಮೂವತ್ತು ವರ್ಷದ ಅಲ್ಯೂಮಿನಿಯಂ. ಕಬ್ಬಿಣ ಆದ್ರೆ ಬಗ್ಗತ್ತೆ, ಇದು ಹೇಳ್ದೆ ಕೇಳ್ದೆ ಮುರಿಯತ್ತೆ. ಇಳಿಜಾರಲ್ಲಿ ಮುರಿದ್ರೆ ನೀವು ಉಳಿಯಲ್ಲ."

"ಎಲ್ಲಿ ಮುರಿದಿದೆ? ತೋರಿಸಿ."

"ಕಾಣ್ತಿಲ್ಲ. ಆದ್ರೆ ವಯಸ್ಸಾಯ್ತಲ್ಲ."

"ವಯಸ್ಸಾಯ್ತು ಅಂತ ಬಿಸಾಕೋದಾದ್ರೆ ನನ್ನೂ ಬಿಸಾಕಿ. ಹೋಗ್ಲಿ, ಈ ಹಿಡೀನಾದ್ರೂ ಬಿಚ್ಚಿ ಹೊಸದಕ್ಕೆ ಹಾಕ್ತೀರಾ?"

"ಒಣಗಿ ಅಂಟ್ಕೊಂಡಿದೆ ಮೇಡಂ, ಕುಯ್ದೇ ತೆಗೀಬೇಕು."

"ಹಾಗಾದ್ರೆ ಏನೂ ಬೇಡ, ಚೈನ್ ಮಾತ್ರ ನೋಡಿ."

ವಸಂತ ನನ್ನ ಮುಖ ನೋಡಿದ. "ಬೆಟ್ಟದಲ್ಲಿ ಬಿದ್ರೆ ಯಾರಿಗೆ ಫೋನ್ ಮಾಡ್ಬೇಕು, ಹೇಳಿ."

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಬೈಯುವ ಬದಲು ಫೋನ್ ತೆಗೆದು ಹೆಸರುಗಳನ್ನು ಸರಿಸುತ್ತ ಹೋದೆ. ಶೈಲಜಮ್ಮನ ನಂಬರು ಕೂಡ ನನ್ನ ಹತ್ತಿರ ಇಲ್ಲ.

ಹ್ಯಾಂಡಲ್ಲಿನ ನಡುವೆ, ಅದನ್ನು ಕಚ್ಚಿ ಹಿಡಿದಿರುವ ಕ್ಲ್ಯಾಂಪಿನ ಪಕ್ಕ, ಕುಂಕುಮ ಪದರ ಪದರವಾಗಿ ಗಟ್ಟಿಯಾಗಿತ್ತು. ಪ್ರತಿ ಆಯುಧಪೂಜೆಗೂ ಅಣ್ಣ ನೀರಲ್ಲಿ ಕಲಸಿದ ಕುಂಕುಮವನ್ನು ಅಲ್ಲೇ ಹಚ್ಚುತ್ತಿದ್ದ. ಹಳೆಯದನ್ನು ಒರೆಸಬಾರದಂತೆ, ಹೋದ ವರ್ಷ ಕಾಪಾಡಿದ ತಾಯಿಯನ್ನು ಒರೆಸಿಹಾಕಿದ ಹಾಗಂತೆ. ಅವನು ಹೋದ ಮೇಲೆ ನಾನೂ ಅದರ ಮೇಲೇ ಹಚ್ಚಿದ್ದೆ. ಹೀಗಾಗಿ ಆ ಜಾಗವನ್ನು ವರ್ಷಗಟ್ಟಲೆ ಯಾರೂ ನೋಡಿರಲಿಲ್ಲ.

ವಸಂತನ ಬಾಯಿ ಮುಚ್ಚಿಸಲೆಂದೇ ನಾನು ಒದ್ದೆ ಬಟ್ಟೆ ತೆಗೆದುಕೊಂಡು ಅಲ್ಲಿ ಉಜ್ಜಿದೆ. ಕುಂಕುಮ ಹೋಗಿ ಬೆಳ್ಳಗೆ ಹೊಳೆಯಿತು. "ನೋಡಿ!" ಅಂದೆ. ಆಮೇಲೆ ನಾನೂ ನೋಡಿದೆ. ಒಂದು ಕೆಂಪು ಗೆರೆ ಮಾತ್ರ ಹಾಗೇ ಇತ್ತು. ಕೂದಲೆಳೆಯಷ್ಟು ಸಣ್ಣದು, ಹ್ಯಾಂಡಲ್ಲನ್ನು ಅರ್ಧ ಸುತ್ತಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಕುಂಕುಮ ಬಿರುಕಿನೊಳಗೆ ಇಳಿದಿತ್ತು. ಮೇಲೆ ಥಳಕು, ಒಳಗೆ ಹುಳುಕು.

ವಸಂತ ಹ್ಯಾಂಡಲ್ ಬಿಚ್ಚಿ ಮೇಜಿನ ಕಬ್ಬಿಣದ ಇಕ್ಕಳಕ್ಕೆ ಬಿಗಿದ. "ನೀವೇ ಒತ್ತಿ ನೋಡಿ," ಅಂದ. ಅಣ್ಣನ ಬೆರಳಿನ ತಗ್ಗಿನಲ್ಲೇ ಕೈಯಿಟ್ಟು ಒತ್ತಿದೆ. ತಡೆದುಕೋ, ನನ್ನ ಮಾನ ಉಳಿಸು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಟಕ್ ಅಂದಿತು, ಅಷ್ಟೆ. ತುಂಡು ನನ್ನ ಕೈಯಲ್ಲಿ ಉಳಿಯಿತು.

ಅಣ್ಣ ಸತ್ತ ದಿನ ಅಳದವಳು ಆ ಅಂಗಡಿಯಲ್ಲಿ ನಿಂತು ಅತ್ತೆ. ಈ ಬಿರುಕನ್ನು ನಂಬಿಕೊಂಡು ಅವನು ಬೆಟ್ಟ ಇಳಿದು ಬಂದಿದ್ದಾನೆ. ಬಂದು ಬೆಲ್ ಹೊಡೆದಿದ್ದಾನೆ. ನಾನು ಗೇಟು ತೆಗೆಯುವುದಕ್ಕೆ ಗೊಣಗಿದ್ದೇನೆ.

ಹೊಸ ಹ್ಯಾಂಡಲ್ಲು ಹಾಕಿಸಿಕೊಂಡೆ. ಹಳೆಯದರಲ್ಲಿ ಬೆಲ್ ಒಂದೇ ಗಟ್ಟಿಯಾಗಿತ್ತು, ವಸಂತ ಅದನ್ನೇ ಕೂರಿಸಿಕೊಟ್ಟ. ಮುರಿದ ತುಂಡನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಮಲ್ಲೇಶ್ವರಕ್ಕೆ ಹೊರಟೆ. ಹೊಸ ಹಿಡಿಯಲ್ಲಿ ತಗ್ಗಿಲ್ಲ. ಬೆರಳು ಎಲ್ಲಿಡಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಅತ್ತಿತ್ತ ಸರಿಸುತ್ತಿದ್ದೆ.

ಮನೆ ಮುಂದೆ ನಿಂತು ಎರಡು ಸಲ ಬೆಲ್ ಹೊಡೆದೆ. ಯಾಕೆ ಹೊಡೆದೆನೋ ಗೊತ್ತಿಲ್ಲ. ಸ್ವಲ್ಪ ಹೊತ್ತು ಕಾದೆ ಕೂಡ. ಆಮೇಲೆ ಇಳಿದು, ಗೇಟು ನಾನೇ ತೆಗೆದೆ.