ಅಂತರ ಬೇರೆ, ದಾರಿ ಬೇರೆ

ಫೆಬ್ರವರಿ 11, 2019, ಸೋಮವಾರ, ಸಂಜೆ ಏಳು ಗಂಟೆ ಇಪ್ಪತ್ತು ನಿಮಿಷ. ಮಗಳು ಪುರಸಭೆಯ ನೋಟೀಸನ್ನು ಊಟದ ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟಳು. ನಕ್ಷೆ ಹರಡುವಾಗ ನಾನು ಮಾಡುವುದೂ ಹಾಗೆಯೇ. ಭೂಮಾಪನ ಕಚೇರಿಯಲ್ಲಿ ನನಗೆ ಹದಿನೆಂಟು ವರ್ಷವಾಯಿತು.

"ನಮ್ಮ ಶಾಲೆ ಮುಚ್ಚಿ ಎಲ್ಲರನ್ನೂ ರೈಲು ಹಳಿ ಆಚೆ ಶಾಲೆಗೆ ಸೇರಿಸ್ತಾರಂತೆ. ಮುಚ್ಚೋರು ಯಾರಮ್ಮ?"

"ಊರ ಉಸಾಬರಿ ನಿನಗ್ಯಾಕೆ? ಲೆಕ್ಕ ಮಾಡು," ಎಂದರು ಅವಳ ಅಪ್ಪ. ಅವರು ಬಸ್ ಚಾಲಕರು. ಮನೆಯಲ್ಲಿ ರಾಜಕೀಯದ ಮಾತು ಬಂದರೂ ಬ್ರೇಕ್ ಮೇಲೆ ಕಾಲಿಡುತ್ತಾರೆ.

"ಇದೂ ಲೆಕ್ಕಾನೇ ಅಪ್ಪ."

ಹತ್ತು ವರ್ಷದ ಈ ಹುಡುಗಿಗೆ ಮನೆಯಲ್ಲಿ 'ಪ್ರಶ್ನೆಪತ್ರಿಕೆ' ಎಂದೇ ಹೆಸರು. ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವುದು ಕಡ್ಡಾಯ.

"ಪುರಸಭೆ ಸದಸ್ಯರು. ಗುರುವಾರ ಸಭೆ ಇದೆ, ಕೈ ಎತ್ತಿ ತೀರ್ಮಾನ ಮಾಡ್ತಾರೆ," ಎಂದೆ.

"ಅವರನ್ನ ಅಲ್ಲಿ ಕೂರಿಸಿದ್ದು?"

"ನಾವೇ. ನಮ್ಮ ವಾರ್ಡಿನವರಿಗೆ ನಾನೂ ಓಟು ಹಾಕಿದೀನಿ. ಅವರು ಕೆಟ್ಟವರೇನಲ್ಲ. ಎರಡು ಶಾಲೆಗಾಗುವಷ್ಟು ಮೇಷ್ಟ್ರಿಲ್ಲ ಅಂತಾರೆ, ಅದು ನಿಜ."

ಅವಳ ಅಪ್ಪ ಫ್ಯಾನು ನೋಡುತ್ತ ಕುಳಿತರು. ಅವಳು ನೋಟೀಸಿನ ಸಾಲಿನ ಮೇಲೆ ಬೆರಳಿಟ್ಟು ಓದಿದಳು: "ಎರಡು ಶಾಲೆಗಳ ಅಂತರ 870 ಮೀಟರ್. ಸಾವಿರ ಮೀಟರಿನ ಒಳಗಿರುವುದರಿಂದ ವಿಲೀನಕ್ಕೆ ಅಡ್ಡಿಯಿಲ್ಲ."

ಆ 870 ನನ್ನದು. ನವೆಂಬರಿನಲ್ಲಿ ಪುರಸಭೆಯಿಂದ ಒಂದು ಸಾಲಿನ ಪತ್ರ ಬಂದಿತ್ತು: ಎರಡು ಶಾಲೆಗಳ ಅಂತರ ತಿಳಿಸಿ. ನಮ್ಮ ಕಚೇರಿಯಲ್ಲಿ ಅಂತರ ಎಂದರೆ ಎರಡು ಬಿಂದುಗಳ ನಡುವಿನ ನೇರ ಗೆರೆ. ನಕ್ಷೆಯಲ್ಲಿ ಗೆರೆ ಎಳೆದು, ಅಳೆದು, ಸಹಿ ಹಾಕಿ ಕಳಿಸಿದ್ದೆ.

"ನಡುವೆ ಹಳಿ ಬರುತ್ತಲ್ಲಮ್ಮ. ನಾವೇನು ಕಾಗೆಗಳಾ?"

ಅಳತೆ ಸರಿಯಾಗಿದೆ ಎಂದುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಈ ಸಂಖ್ಯೆ ಕೊಟ್ಟಿದ್ದು ನಾನೇ ಕಣೇ," ಎಂದೆ.

"ಅದನ್ನ ಅವಳ ಮುಂದೆ ಹೇಳಬೇಕಿತ್ತಾ?" ಎಂದರು ಅವಳ ಅಪ್ಪ.

"ಅವಳು ಕೇಳ್ತಿರೋದೇ ಅದನ್ನ."

ಮಗಳು ನನ್ನನ್ನೇ ನೋಡಿದಳು. "ಹಾಗಾದ್ರೆ ನಮ್ಮ ಶಾಲೆ ಮುಚ್ಚೋದು ನಿನ್ನಿಂದಾನಾ?"

"ಇನ್ನೂ ಮುಚ್ಚಿಲ್ಲ. ಅಳತೆ ತಪ್ಪಲ್ಲ, ಆದ್ರೆ ಯಾತಕ್ಕೆ ಬೇಕು ಅಂತ ನಾನು ಕೇಳಲಿಲ್ಲ. ಅದು ತಪ್ಪು. ನಿಯಮ ಏನು ಹೇಳುತ್ತೆ, ಓದು."

ನೋಟೀಸಿನ ಬೆನ್ನಲ್ಲಿ ಇರುವೆಯಂಥ ಅಕ್ಷರಗಳಲ್ಲಿ ನಿಯಮ ಅಚ್ಚಾಗಿತ್ತು. 'ಮಗು ನಡೆದು ಹೋಗುವ ದಾರಿ ಸಾವಿರ ಮೀಟರ್ ಮೀರಬಾರದು' ಎಂದಿತ್ತು. ಅಂತರ ಎಂಬ ಪದವೇ ಅದರಲ್ಲಿರಲಿಲ್ಲ.

ಮರುದಿನ ಬೆಳಗ್ಗೆ ಆರೂವರೆಗೆ ಕಚೇರಿಯ ಅಳತೆ ಚಕ್ರ ತಳ್ಳಿಕೊಂಡು ಅವಳ ಶಾಲೆಯ ಗೇಟಿನಿಂದ ಹೊರಟೆವು. ತಳ್ಳುವುದು ಅವಳು, ಬರೆದುಕೊಳ್ಳುವುದು ನಾನು. ಹಳಿ ದಾಟುವ ಮೇಲ್ಸೇತುವೆಯ ಮೆಟ್ಟಿಲಲ್ಲಿ ಚಕ್ರ ಎಗರುವುದರಿಂದ ಟೇಪು ಹಿಡಿಯಬೇಕಿತ್ತು. ಇನ್ನೊಂದು ತುದಿ ಹಿಡಿಯಲು ಯಾರು ಎಂದು ನೋಡಿದರೆ, ಅವಳ ಅಪ್ಪ ಹಿಂದೆಯೇ ಬಂದಿದ್ದರು.

"ಊರ ಉಸಾಬರಿ?" ಎಂದೆ.

"ಟೇಪು ಹಿಡಿಯೋದು ರಾಜಕೀಯ ಅಲ್ಲ," ಎಂದು ಅವರು ಬಗ್ಗಿದರು.

ಒಂದೇ ಅಳತೆಯನ್ನು ನಾವು ನಂಬುವುದಿಲ್ಲ; ಎರಡರ ಸರಾಸರಿ ಹಿಡಿಯುತ್ತೇವೆ. ಹೋಗುವಾಗ 1,413 ಬಂತು, ಬರುವಾಗ 1,411.

ಬುಧವಾರ ತಿದ್ದುಪಡಿ ಪತ್ರ ಬರೆದು ನನ್ನ ತಪ್ಪನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡೆ. ಮೇಲಧಿಕಾರಿ ಹುಬ್ಬು ಗಂಟಿಕ್ಕಿಕೊಂಡೇ ಮೊಹರು ಒತ್ತಿದರು. ಗುರುವಾರದ ಸಭೆಯಲ್ಲಿ ನಾನು ಪತ್ರ ಕೊಟ್ಟೆ. ಮಗಳು ಎದ್ದು ನಿಂತು ನಿಯಮ ಓದಿದಳು.

ನಮ್ಮ ವಾರ್ಡಿನ ಸದಸ್ಯರು ಕನ್ನಡಕದ ಮೇಲಿಂದ ನೋಡಿದರು. "ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದು, ಮರಿ?"

"ಅಳೆಯೋದನ್ನ ಅಮ್ಮ ಹೇಳಿಕೊಟ್ರು. ಕೇಳೋದು ನಂದೇ."

ಸಭೆ ನಕ್ಕಿತು. ಸದಸ್ಯರೂ ನಕ್ಕು, ನಿಯಮವನ್ನು ತಾವೇ ಇನ್ನೊಮ್ಮೆ ಓದಿಕೊಂಡರು. ಮೇಷ್ಟ್ರುಗಳ ಕೊರತೆಯನ್ನು ಮುಂದಿನ ಸಭೆಗಿಟ್ಟು, ವಿಲೀನದ ಪ್ರಸ್ತಾಪ ಕೈಬಿಡೋಣವೆಂದು ಎಲ್ಲರಿಗಿಂತ ಮುಂಚೆ ಕೈ ಎತ್ತಿದವರು ಅವರೇ; ಉಳಿದವರೂ ಎತ್ತಿದರು.

ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ 'ಅಂತರ' ಎಂದು ಬರೆಯುತ್ತಿದ್ದಾಗ ಮಗಳು ಕೆಮ್ಮಿದಳು. ಅವರು ಹೊಡೆದುಹಾಕಿ ತಿದ್ದಿದರು. ನಡೆಯುವ ದಾರಿ: 1,412 ಮೀಟರ್.