ಆಯೇರಿಯಲ್ಲಿ ಕೂಗಿದ ಹೆಸರು

ನೋಟಿಸು ಬಂದದ್ದು 2013ರ ಏಪ್ರಿಲ್‌ನಲ್ಲಿ. ಜಮಖಂಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದ ಮಾಳಿಂಗರಾಯ ಅದನ್ನು ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡ. ನೌಕರಿಗೆ ಸೇರುವಾಗ ಅವನು ಹಾಜರುಪಡಿಸಿದ್ದ ಮುಳುಗಡೆ ಸಂತ್ರಸ್ತರ ಪ್ರಮಾಣಪತ್ರದ ಬಗ್ಗೆ ದೂರು ಬಂದಿದೆ, ವಿಚಾರಣಾಧಿಕಾರಿ ಊರಿಗೆ ಬಂದು ಹೇಳಿಕೆ ಪಡೆಯುತ್ತಾರೆ, ಸಹಕರಿಸಬೇಕು ಎಂದಷ್ಟೇ ಅದರಲ್ಲಿತ್ತು. ದೂರು ಏನೆಂದು ಬರೆದಿರಲಿಲ್ಲ.

ಬರೆಯಬೇಕಾಗಿಯೂ ಇಲ್ಲ ಎಂದುಕೊಂಡ ಅವನು.

ಮಾಳಿಂಗರಾಯ ಹುನ್ನೂರಿನ ಜಕ್ಕಪ್ಪ, ಯಂಕವ್ವ ದಂಪತಿಯ ಮಗ. ಆದರೆ ಅವನ ಹತ್ತನೇ ತರಗತಿಯ ಅಂಕಪಟ್ಟಿ, ಪದವಿ ಪತ್ರ, ಮತದಾರರ ಚೀಟಿ, ಹೋದ ವರ್ಷ ಮಾಡಿಸಿದ ಆಧಾರ್ ಕಾರ್ಡು, ಎಲ್ಲದರಲ್ಲೂ ತಂದೆಯ ಹೆಸರು ದಶರಥ ಎಂದಿತ್ತು. ದಶರಥ ಜಕ್ಕಪ್ಪನ ತಮ್ಮ. ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಗೆ ಮನೆ ಅಳಿಯನಾಗಿ ಹೋದವನು. ಮಕ್ಕಳಾಗಲಿಲ್ಲ, ಹೆಂಡತಿಯೂ ಬಹುದಿನ ಬದುಕಲಿಲ್ಲ. ಆಲಮಟ್ಟಿಯ ಹಿನ್ನೀರು ಆ ಹಳ್ಳಿಯ ಹೊಲಗಳನ್ನು ನುಂಗಿದ ಮೇಲೆ ಅವನಿಗೆ ಪುನರ್ವಸತಿ ಕೇಂದ್ರದಲ್ಲಿ ಒಂದು ಜಾಗ ಮತ್ತು ಒಂದು ಪ್ರಮಾಣಪತ್ರ ಸಿಕ್ಕವು. ಆ ಪತ್ರವಿದ್ದ ಮನೆಯ ಹುಡುಗನಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿಯಿತ್ತು. ದಶರಥನ ಮನೆಯಲ್ಲಿ ಹುಡುಗನಿರಲಿಲ್ಲ. ಜಕ್ಕಪ್ಪನ ಮನೆಯಲ್ಲಿ ಇದ್ದ.

1998ರಲ್ಲಿ ಮಾಳಿಂಗರಾಯನನ್ನು ಬೀಳಗಿಯ ಹೈಸ್ಕೂಲಿಗೆ ಸೇರಿಸುವಾಗ ತಂದೆಯ ಹೆಸರಿನ ಮುಂದೆ ದಶರಥ ಎಂದು ಬರೆಸಿದವನು ಜಕ್ಕಪ್ಪನೇ. ಕುರಿ ಕಾಯುವವನು, ಓದು ಬಾರದವನು, ಆದರೆ ಯಾವ ಕಾಗದ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ಸಂತೆಯಲ್ಲಿ ಮಾತು ಕೇಳಿಯೇ ತಿಳಿದುಕೊಂಡಿದ್ದ. ದತ್ತಕದ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಹುಡುಗ ಓದಲು ಕಾಕಾನ ಮನೆಯಲ್ಲಿದ್ದ, ರಜೆಗೆ ಹುನ್ನೂರಿಗೆ ಬರುತ್ತಿದ್ದ, ಯಂಕವ್ವನ ಪಕ್ಕದಲ್ಲಿ ಮಲಗುತ್ತಿದ್ದ. ಬದಲಾದದ್ದು ಕಾಗದ ಮಾತ್ರ.

ನೌಕರಿ ಸಿಕ್ಕ ಮೇಲೆ ಜಕ್ಕಪ್ಪ ಒಮ್ಮೆ ಕಚೇರಿಗೆ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತುಪ್ಪದ ಡಬ್ಬಿ. ಪಕ್ಕದ ಮೇಜಿನವರು ಯಾರೆಂದು ಕೇಳಿದರು. ಮಾಳಿಂಗರಾಯ ತಡವರಿಸದೆ, ನಮ್ಮ ದೊಡ್ಡಪ್ಪ ಎಂದ. ಬಸ್‌ಸ್ಟ್ಯಾಂಡಿನವರೆಗೂ ಜಕ್ಕಪ್ಪನನ್ನು ಬಿಟ್ಟು ಬರಲು ಅವನೇ ಹೋದ. ಬಸ್ಸು ಹತ್ತುವಾಗ ಜಕ್ಕಪ್ಪ, “ಪಟ್ನ ಹೇಳಿದಿ ನೋಡು. ನಾ ಇದ್ದಿದ್ರ ತಡಬಡಸ್ತಿದ್ನಿ” ಎಂದು ಮೆಚ್ಚಿ ಬೆನ್ನು ತಟ್ಟಿದ. ಆ ಮೆಚ್ಚುಗೆ ಮಾಳಿಂಗರಾಯನಿಗೆ ಬಹಳ ದಿನ ಚುಚ್ಚಿತ್ತು. ಆಮೇಲೆ ಅದೂ ರೂಢಿಯಾಯಿತು.

ನೋಟಿಸನ್ನು ಅವನು ಹೆಂಡತಿ ರಾಧಿಕಾಗೆ ತೋರಿಸಿದ. ಆಕೆ ಮುಧೋಳದವಳು, ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಎರಡು ಸಲ ಓದಿ, ದೂರು ಏನೈತಿ ಅಂತ ಮೊದಲು ಕೇಳ್ರಿ, ಅರ್ಜಿ ಕೊಟ್ಟರೆ ಪ್ರತಿ ಕೊಡುತ್ತಾರೆ ಎಂದಳು. ಕೇಳಿದರೆ ನಾನೇ ಅನುಮಾನ ಹುಟ್ಟಿಸಿದಂತಾಗುತ್ತದೆ ಎಂದು ಅವನ ವಾದ. ಆಕೆ ಇನ್ನೊಮ್ಮೆ ಹೇಳಿದಳು. ಅವನು ಸಿಟ್ಟಾದ. ಅಲ್ಲಿಗೆ ಆ ಮಾತು ನಿಂತಿತು.

ಭಾನುವಾರ ಹುನ್ನೂರಿಗೆ ಹೋದ. ತಂಗಿ ಮಾಯಾಳ ಮದುವೆಗೆ ಹತ್ತಿರದ ದಿನ ಗೊತ್ತಾಗಿತ್ತು, ಮನೆಗೆ ಸುಣ್ಣ ಬಳಿಯುತ್ತಿದ್ದರು. ತಂದೆಯನ್ನು ಹಟ್ಟಿಯ ಕಡೆ ಕರೆದು ನೋಟಿಸಿನ ವಿಷಯ ಹೇಳಿದ. ಸುಳ್ಳು ಹೇಳು ಎಂದು ಹೇಳಲಿಲ್ಲ. ಯಾರಾದರೂ ಬಂದು ಕೇಳಿದರೆ ಸ್ವಲ್ಪ ನೋಡಿ ಮಾತಾಡು ಎಂದ. ಜಕ್ಕಪ್ಪ ಕುರಿಯ ಬೆನ್ನು ಸವರುತ್ತ ಕೇಳಿಸಿಕೊಂಡ. ನೌಕರಿ ಹೋಗುತ್ತದೆಯೇ ಎಂದು ಒಂದೇ ಪ್ರಶ್ನೆ ಕೇಳಿದ. ಹೋಗಬಹುದು, ಕೇಸೂ ಆಗಬಹುದು ಎಂದ ಮಗ.

ಆ ವಾರವಿಡೀ ಜಕ್ಕಪ್ಪ ಓಣಿ ಓಣಿ ತಿರುಗಿದ. ಮದುವೆಗೆ ಕರೆಯುವ ನೆವ. ಅರಿಶಿನ ಅಕ್ಕಿ ಕೊಟ್ಟು, ಕರೆದು, ಏಳುವ ಮೊದಲು, ಯಾರರೆ ಬಂದು ಕೇಳಿದ್ರ ಮಾಳಿಂಗ ದಶರಥನ ಮಗ ಅನ್ರಿ ಎಂದು ಪ್ರತಿ ಮನೆಯಲ್ಲೂ ಹೇಳಿದ. ಅಲ್ಲಿಯವರೆಗೆ ಊರಿನಲ್ಲಿ ಯಾರೂ ಕಾಗದದ ಬಗ್ಗೆ ಯೋಚಿಸಿರಲಿಲ್ಲ. ಈಗ ಎಲ್ಲರಿಗೂ ಗೊತ್ತಾಯಿತು. ಬಾವಿಕಟ್ಟೆಯ ಹತ್ತಿರ ಹುಡುಗರು ಒಬ್ಬರನ್ನೊಬ್ಬರು, ನೀ ಯಾರ ಮಗ, ಕಾಗದ ನೋಡಿ ಹೇಳಲೇ ಎಂದು ಕೆಣಕತೊಡಗಿದರು. ಯಂಕವ್ವ ನೀರಿಗೆ ಹೋಗುವುದನ್ನು ಬಿಟ್ಟಳು.

ಮದುವೆ ಬೀರಪ್ಪನ ಗುಡಿಯ ಮುಂದಿನ ಬಯಲಿನಲ್ಲಿ ನಡೆಯಿತು. ಅಕ್ಷತೆ ಬಿದ್ದು ಊಟದ ಮೊದಲ ಪಂಕ್ತಿ ಕೂತಾಗ ಒಬ್ಬ ಮನುಷ್ಯ ಮೋಟರ್‌ಸೈಕಲ್ಲಿನಲ್ಲಿ ಬಂದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಕುರ್ಚಿಯಲ್ಲಿ ಕೂತ. ಮಾಳಿಂಗರಾಯ ಅವನನ್ನು ಬಾಗಲಕೋಟೆಯಲ್ಲಿ ಒಂದು ತರಬೇತಿಯಲ್ಲಿ ನೋಡಿದ್ದ. ಚನಮಲ್ಲಪ್ಪ. ಮಾಳಿಂಗರಾಯ ಹತ್ತಿರ ಹೋಗಿ ಕೈ ಮುಗಿದ. ಚನಮಲ್ಲಪ್ಪ ಸಂಕೋಚಪಟ್ಟುಕೊಂಡೇ ವಿಷಯ ಹೇಳಿದ: ನೋಟಿಸಿನ ವಿಚಾರಣೆ ನನ್ನ ಪಾಲಿಗೆ ಬಂದಿದೆ, ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದೆ, ದಶರಥನ ಮನೆಗೆ ಬೀಗವಿತ್ತು, ಹುನ್ನೂರಿನ ಮದುವೆಯಲ್ಲಿದ್ದಾನೆ ಅಂದರು, ಅದಕ್ಕೆ ಬಂದೆ, ಅವಸರವಿಲ್ಲ, ಕಾರ್ಯ ಮುಗಿಯಲಿ. ಊಟ ಮಾಡಿ ಎಂದು ಒತ್ತಾಯಿಸಿ ಮಾಳಿಂಗರಾಯ ಈಚೆ ಬಂದ. ತಂದೆಗೆ ಕಣ್ಣಿನಲ್ಲೇ ತೋರಿಸಿದ. ಜಕ್ಕಪ್ಪ ತಿಳಿಯಿತೆಂಬಂತೆ ತಲೆ ಅಲ್ಲಾಡಿಸಿದ.

ಊಟದ ನಡುವೆಯೇ ಆಯೇರಿ ಶುರುವಾಯಿತು. ಬಂಧುಬಳಗದವರು ಮದುಮಕ್ಕಳಿಗೆ ಕೊಡುವ ಸೀರೆ, ಪಾತ್ರೆ, ರುಮಾಲುಗಳನ್ನು ಒಂದೊಂದಾಗಿ ಮೈಕಿನಲ್ಲಿ ಕೂಗಿ ಹೇಳುವ ಪದ್ಧತಿ ಇದು. ಯಾವ ಊರಿನ ಯಾರ ಮಗ ಯಾರು, ಏನು ಕೊಟ್ಟ ಎಂದು ಇಡೀ ಬಯಲಿಗೆ ಕೇಳಬೇಕು. ಹುನ್ನೂರಿನಲ್ಲಿ ಆ ಕೆಲಸ ಮುತ್ತಣ್ಣನದು. ಯಾರ ಸಂಬಂಧ ಎಲ್ಲಿ ಕೂಡುತ್ತದೆ ಎಂದು ಬಲ್ಲವನು, ಗಂಟಲೂ ದೊಡ್ಡದು. ಅವನ ಬಾಯಲ್ಲಿ ತನ್ನ ಹೆಸರು ಬರುವ ಮೊದಲು ತಡೆಯಬೇಕೆಂದು ಮಾಳಿಂಗರಾಯ ಚಪ್ಪರದ ಅಂಚಿನಲ್ಲಿ ಮುಂದೆ ಸರಿಯುತ್ತಿದ್ದ. ಅಷ್ಟರಲ್ಲಿ ಬಂದೇಬಿಟ್ಟಿತು.

“ಬೀಳಗಿ ತಾಲೂಕ ದಶರಥನ ಮಗ ಮಾಳಿಂಗರಾಯ, ತನ್ನ ದೊಡ್ಡಪ್ಪನ ಮಗಳಿಗೆ ಇಳಕಲ್ ಸೀರಿ, ಬೀಗರಿಗೆ ರುಮಾಲ.”

ಜಕ್ಕಪ್ಪ ಮುತ್ತಣ್ಣನಿಗೆ ಮೊದಲೇ ಹೇಳಿಟ್ಟಿದ್ದ. ಗಂಡಸರ ಪಂಕ್ತಿಯಲ್ಲಿ ಒಂದಿಬ್ಬರು ನಕ್ಕರು. ಹೆಂಗಸರ ಕಡೆಯಿಂದ ಸಿದ್ದಕ್ಕನ ದನಿ ಬಂತು. ಆಕೆ ಯಂಕವ್ವನ ಬಾಣಂತನ ಮಾಡಿದ ಮುದುಕಿ, ಯಾರಿಗೂ ಅಂಜದವಳು. ಜಕ್ಕಪ್ಪ ಓಣಿಗೆ ಬಂದು ಹೇಳಿಹೋದ ಮಾತು ಆಕೆಗೆ ಆಗಲೇ ಒಗ್ಗಿರಲಿಲ್ಲ.

“ಯಾವ ದಶರಥನ ಮಗಾ ಲೇ ಮುತ್ತಣ್ಣಾ? ಇವನ ಹೊಕ್ಕಳ ಕೊಯ್ದಾಕಿ ನಾನ ಅದೇನಿ. ಜಕ್ಕ್ಯಾ, ಮಗನ್ನ ಯಾವ ಸಂತ್ಯಾಗ ಮಾರಿದ್ಯೋ?”

ನಗೆ ಎದ್ದಿತು. ಮೈಕು ಅದನ್ನೂ ಹಿಡಿದು ಹಂಚಿತು. ಚನಮಲ್ಲಪ್ಪ ಎಲೆಯಿಂದ ತಲೆ ಎತ್ತಿ ನೋಡಿದ.

ಜಕ್ಕಪ್ಪ ಎದ್ದ. ಯಾರ ಕಡೆಯೂ ನೋಡದೆ ಗುಡಿಯೊಳಗೆ ಹೋದ. ಹೊರಗೆ ಬಂದಾಗ ಅವನ ಬಲಗೈ ಮುಷ್ಟಿಯಲ್ಲಿ ಗದ್ದುಗೆಯ ಮೇಲಿನ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಇತ್ತು. ನಗೆ ಅಲ್ಲಿಗೇ ನಿಂತಿತು. ಬೀರಪ್ಪನ ಭಂಡಾರ ಹಿಡಿದು ಹೇಳಿದ ಮಾತಿಗೆ ಈ ಜನರಲ್ಲಿ ಎರಡನೆಯ ಸಾಕ್ಷಿ ಕೇಳುವುದಿಲ್ಲ. ಹೊಲದ ಗಡಿ, ಕುರಿಯ ಕಳವು, ಗಂಡಹೆಂಡತಿಯ ಜಗಳ, ಎಲ್ಲವೂ ಅಲ್ಲಿಗೆ ಮುಗಿಯುತ್ತವೆ. ಹಾಗೆ ಹಿಡಿದು ಯಾರೂ ಸುಳ್ಳು ಹೇಳಿದ್ದು ಊರಿನವರ ನೆನಪಿನಲ್ಲಿರಲಿಲ್ಲ. ಜಕ್ಕಪ್ಪನಂತೂ ಅದನ್ನು ಹಿಂದೆ ಒಮ್ಮೆಯೂ ಹಿಡಿದವನಲ್ಲ.

ಮುತ್ತಣ್ಣನ ಕೈಯಿಂದ ಮೈಕು ತೆಗೆದುಕೊಂಡು ಅವನು ಮೆಲ್ಲಗೆ ಹೇಳಿದ:

“ಬೀರಪ್ಪನ ಮುಂದ ನಿಂತೇನಿ. ಈ ಹುಡುಗನ್ನ ನನ್ನ ತಮ್ಮನ ಉಡಿಯಾಗ ಹಾಕೇನಿ. ಸಾಲಿಗೆ ಕಳಿಸಿದ ವರ್ಷನ ಹಾಕೇನಿ. ಅವತ್ತಿಂದ ಇಂವ ನನಗ ಮಗ ಅಲ್ಲ, ನಾ ಇವಗ ಅಪ್ಪ ಅಲ್ಲ. ಇನ್ನ ಯಾರೂ ಕೇಳಬ್ಯಾಡ್ರಿ.”

ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಉಳಿದದ್ದನ್ನು ದಶರಥನ ತಲೆಯ ಮೇಲೆ ಹಾಕಿದ. ದಶರಥ ಕೂತಲ್ಲೇ ಅಣ್ಣನ ಕಾಲು ಹಿಡಿದುಕೊಂಡ, ಹಿಂಗ ಹೇಳಬಾರದಿತ್ತು ಎಂದು ಬಡಬಡಿಸಿದ. ಸಿದ್ದಕ್ಕ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಬಡಿಸುತ್ತಿದ್ದ ಯಂಕವ್ವ ಸಾರಿನ ಬಕೆಟ್ಟನ್ನು ನೆಲಕ್ಕಿಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಮತ್ತೆ ಬಕೆಟ್ಟು ಎತ್ತಿಕೊಂಡಳು.

ಮಾಳಿಂಗರಾಯ ಚಪ್ಪರದ ಕಂಬ ಹಿಡಿದು ನಿಂತಿದ್ದ. ಮುಂದೆ ಹೋಗಿ ಮೈಕು ಕಸಿದುಕೊಳ್ಳಲು ಅವನಿಗೆ ಸಮಯವಿತ್ತು. ತಂದೆ ಗುಡಿಯೊಳಗೆ ಹೋದಾಗಲೇ ಏನಾಗಲಿದೆ ಎಂದು ಅವನಿಗೆ ಹೊಳೆದಿತ್ತು. ಅವನು ಕದಲಲಿಲ್ಲ. ಆ ಹೊತ್ತಿನಲ್ಲಿ ಅವನು ನೋಡುತ್ತಿದ್ದದ್ದು ಚನಮಲ್ಲಪ್ಪನ ಮುಖವನ್ನು.

ಊಟವಾದ ಮೇಲೆ ಗುಡಿಯ ಹಿಂದಿನ ಬೇವಿನ ಮರದ ಕೆಳಗೆ ಎರಡು ಕುರ್ಚಿ ಹಾಕಿಸಿದರು. ಚನಮಲ್ಲಪ್ಪ ದಶರಥನನ್ನು ನಾಲ್ಕಾರು ಪ್ರಶ್ನೆ ಕೇಳಿ ಬರೆದುಕೊಂಡ. ಮುಳುಗಿದ ಮನೆಯ ಸಂಖ್ಯೆ ಎಷ್ಟು, ಪ್ರಮಾಣಪತ್ರದ ಮೂಲ ಪ್ರತಿ ಎಲ್ಲಿದೆ, ಅದನ್ನು ಇನ್ನು ಯಾರಿಗಾದರೂ ಕೊಟ್ಟಿದ್ದೆಯಾ. ದಶರಥ ಯಾರಿಗೂ ಕೊಟ್ಟಿಲ್ಲ ಎಂದ. ಅಷ್ಟೇ. ಅವನನ್ನು ಕಳಿಸಿ, ಚನಮಲ್ಲಪ್ಪ ಪೆನ್ನಿನ ಮುಚ್ಚಳ ಹಾಕಿದ.

ಮಾಳಿಂಗರಾಯ ತಂದೆಯ ಹೆಸರಿನ ಪ್ರಶ್ನೆಗೆ ಕಾಯುತ್ತಿದ್ದ. ಅದು ಬರಲಿಲ್ಲ. ಕೊನೆಗೆ ತಾನೇ, ದೂರು ಯಾವುದರ ಬಗ್ಗೆ ಎಂದು ಕೇಳಿದ.

ಚನಮಲ್ಲಪ್ಪ ಆಶ್ಚರ್ಯಪಟ್ಟ. ನಿಮಗೆ ಗೊತ್ತಿಲ್ಲವೇ ಎಂದ. ದಶರಥನ ಒಂದೇ ಪ್ರಮಾಣಪತ್ರದ ಮೇಲೆ ಇಬ್ಬರು ನೌಕರಿ ಹಿಡಿದಿದ್ದಾರೆ ಎಂದು ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದರು. ಇನ್ನೊಬ್ಬನ ಪತ್ರದ ನಂಬರು ಬೇರೆಯಿದೆ ಎಂದು ಬಾಗಲಕೋಟೆಯಲ್ಲೇ ಗೊತ್ತಾಗಿದೆ. ದಶರಥನ ಒಂದು ಹೇಳಿಕೆ ಸೇರಿಸಿ ಕಡತ ಮುಚ್ಚುವುದಷ್ಟೇ ಉಳಿದಿತ್ತು.

“ನಿಮ್ಮ ತಂದಿ ಹೆಸರಿನ ಮಾತು ಅದರಾಗ ಎಲ್ಲೂ ಇಲ್ರಿ,” ಎಂದ ಚನಮಲ್ಲಪ್ಪ. “ಆ ಮೈಕಿನ ಮಾತು ಬರದಿದ್ರ ನಾ ಉಂಡ ಹೋಗಿಬಿಡ್ತಿದ್ನಿ” ಎಂದು ಸೇರಿಸಿದ.

ಚಪ್ಪರದ ಕಡೆ ಹೆಣ್ಣು ಕಳಿಸುವ ತಯಾರಿ ನಡೆದಿತ್ತು.

ಚನಮಲ್ಲಪ್ಪ ಕೆಟ್ಟವನಲ್ಲ. ಆದರೆ ಕೇಳಿದ ಮಾತನ್ನು ಕೇಳಿಲ್ಲ ಎನ್ನುವ ಧೈರ್ಯವೂ ಅವನಿಗಿರಲಿಲ್ಲ. ಹಾಗಾಗಿ ಎರಡು ದಾರಿ ಮುಂದಿಟ್ಟ. ಆ ಮೈಕಿನ ಮಾತು ಮದುವೆಮನೆಯ ಮಾತು ಎಂದು ಬಿಟ್ಟುಬಿಡಬಹುದು, ಕಡತದಲ್ಲಿ ಬರುವುದಿಲ್ಲ. ಆದರೆ ಅಷ್ಟು ಜನ ಕೇಳಿದ್ದಾರೆ, ನಾಳೆ ಯಾರಾದರೂ ಇದನ್ನೇ ಹಿಡಿದು ಹೊಸ ಅರ್ಜಿ ಹಾಕಿದರೆ ತಾನು ಏನೂ ಮಾಡಲಾರ. ಇಲ್ಲವೇ, ಚಿಕ್ಕವನಿದ್ದಾಗಲೇ ನಮ್ಮ ಜಾತಿಯ ರೂಢಿಯಂತೆ ತಮ್ಮನಿಗೆ ಕೊಟ್ಟಿದ್ದೇನೆ ಎಂದು ಜಕ್ಕಪ್ಪನ ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಬಹುದು. ಕೋರ್ಟಿನಲ್ಲಿ ಅದು ಎಷ್ಟು ನಿಲ್ಲುತ್ತದೋ ಗೊತ್ತಿಲ್ಲ, ಕಚೇರಿಯಲ್ಲಿ ಮಾತ್ರ ಆ ಪ್ರಶ್ನೆ ಮತ್ತೆ ಏಳಲಿಕ್ಕಿಲ್ಲ.

“ಬರಕೊಳ್ಲ್ಯೋ, ಬಿಡ್ಲ್ಯೋ? ನೀವ ಹೇಳ್ರಿ.”

ಬಿಡಿ ಎಂದರೆ, ಆಡಿದ ಮಾತು ಊರಿನಲ್ಲೇ ಉಳಿಯುತ್ತಿತ್ತು. ಒಂದು ದಿನ ತಂದೆಯನ್ನು ಗುಡಿಗೆ ಕರೆದೊಯ್ದು, ತಪ್ಪುಕಾಣಿಕೆ ಇಟ್ಟು, ನೌಕರಿಯ ಹೆದರಿಕೆಗೆ ಆಡಿದ ಮಾತು ಎಂದು ಒಪ್ಪಿಕೊಳ್ಳಬಹುದಿತ್ತು. ಬೀರಪ್ಪನ ಪೂಜಾರಿಗಳು ಒರಟರಲ್ಲ, ದಾರಿ ಹುಡುಕಿಕೊಡುತ್ತಿದ್ದರು. ಮಾಳಿಂಗರಾಯ ಇದನ್ನೆಲ್ಲ ಯೋಚಿಸಿದ. ಜೊತೆಗೆ ತನ್ನ ಮೇಜು, ಮುಂದಿನ ವರ್ಷ ಬರಬೇಕಾಗಿದ್ದ ಬಡ್ತಿ, ಮತ್ತೊಂದು ನೋಟಿಸು ಬಂದರೆ ರಾಧಿಕಾ ನೋಡುವ ರೀತಿ, ಇವನ್ನೂ ಯೋಚಿಸಿದ.

“ಬರಕೋರಿ,” ಎಂದ.

ತಂದೆಯನ್ನು ಕರೆಯಲು ತಾನೇ ಹೋದ. ಜಕ್ಕಪ್ಪ ಯಾಕೆ ಎಂದು ಕೇಳದೆ ಎದ್ದು ಬಂದ. ಚನಮಲ್ಲಪ್ಪ ಬರೆದದ್ದನ್ನು ಓದಿ ಹೇಳಿದ. ದೂರು ಬೇರೆಯದಿತ್ತು ಎಂಬುದನ್ನು ಅವನೂ ಹೇಳಲಿಲ್ಲ, ಮಾಳಿಂಗರಾಯನೂ ಹೇಳಲಿಲ್ಲ. ಸರಿ ಐತ್ರಿ ಎಂದು ಜಕ್ಕಪ್ಪ ಎಡಗೈ ಚಾಚಿದ. ಉಣ್ಣೆ ಕತ್ತರಿಸುವ ಕತ್ತರಿಯಿಂದ ಜಡ್ಡುಗಟ್ಟಿದ ಹೆಬ್ಬೆರಳು. ಮೊದಲ ಸಲ ಶಾಯಿಯ ಒಂದು ಗುಡ್ಡೆ ಬಿತ್ತು, ಗೆರೆಗಳು ಮೂಡಲಿಲ್ಲ. ಚನಮಲ್ಲಪ್ಪ ನಿಮ್ಮವರಿಗೆ ಸ್ವಲ್ಪ ಸಹಾಯ ಮಾಡಿ ಎಂದ. ಮಾಳಿಂಗರಾಯ ಬಗ್ಗಿ ಆ ಹೆಬ್ಬೆರಳನ್ನು ತನ್ನ ಎರಡು ಬೆರಳುಗಳಲ್ಲಿ ಹಿಡಿದು, ಒರೆಸಿ, ಮತ್ತೆ ಶಾಯಿಗೆ ಹಚ್ಚಿ, ಕಾಗದದ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸಿ ಒತ್ತಿದ. ಕಚೇರಿಯಲ್ಲಿ ದಿನವೂ ಮಾಡುವ ಕೆಲಸ. ಗುರುತು ಚೆನ್ನಾಗಿ ಮೂಡಿತು.

“ಆತೇನ್ರಿ?” ಎಂದು ಜಕ್ಕಪ್ಪ ಕೇಳಿದ. ಕೇಳಿದ್ದು ಚನಮಲ್ಲಪ್ಪನನ್ನಲ್ಲ, ಮಗನನ್ನು.

ಮಾಳಿಂಗರಾಯ ಶಾಯಿಯ ಡಬ್ಬಿಯ ಮುಚ್ಚಳ ಹಾಕಿದ. ಜಕ್ಕಪ್ಪ ಸಾಹೇಬರನ್ನು ಮೋಟರ್‌ಸೈಕಲ್ಲಿನವರೆಗೆ ಬಿಟ್ಟು ಬರಲು ಹೋದ.

ಚಪ್ಪರದ ಬಾಗಿಲಲ್ಲಿ ಜೀಪು ಬಂದು ನಿಂತಿತ್ತು. ಹೆಣ್ಣಿನ ಜೊತೆ ಬೀಗರೂರಿನವರೆಗೆ ಅಣ್ಣತಮ್ಮಂದಿರಲ್ಲಿ ಒಬ್ಬರು ಹೋಗಬೇಕು. ಮಾಯಾ ಅಳುತ್ತ ಕೂತಿದ್ದಳು. ಮಾಳಿಂಗರಾಯ ಶಾಯಿಯಾದ ಬೆರಳುಗಳನ್ನು ಮುಚ್ಚಿಕೊಂಡು ತಾಯಿಯ ಹತ್ತಿರ ಬಂದು ನಿಂತ, ತಾನು ಹೊರಡಲೇ ಎಂದು ಕೇಳಲು. ಯಂಕವ್ವ ಅವನ ಕಡೆ ತಿರುಗಲಿಲ್ಲ. ಸಿಟ್ಟೂ ಅವಳ ಮುಖದಲ್ಲಿರಲಿಲ್ಲ. ದೇವರ ಮುಂದೆ ಹೇಳಿಯಾಗಿತ್ತು, ಇನ್ನು ಹಾಗೆಯೇ ನಡೆಯಬೇಕು.

“ದಶರಥಾ,” ಎಂದು ಆಕೆ ಅವನಾಚೆ ನೋಡಿ ಮೈದುನನನ್ನು ಕರೆದಳು. “ಹುಡುಗಿ ಹೊಂಟಾಳಪಾ. ನಿನ್ನ ಮಗನ್ನ ಜೋಡಿ ಕಳಸು.”

ದಶರಥ ಎದ್ದು ಬಂದು ಮಾಳಿಂಗರಾಯನ ಹೆಗಲ ಮೇಲೆ ಇಡಲು ಕೈ ಎತ್ತಿದ. ಇಡಲಾಗದೆ, ಕೆಳಗೆ ಇಳಿಸಿದ.