ನಾನು ಎತ್ತದ ಬೆರಳು

ನನ್ನ ಸೊಸೆ ದಿವ್ಯಳ ಬಲಗೈ ಸ್ವಾಧೀನ ತಪ್ಪಿ ಮೂರು ತಿಂಗಳು. ನಂಜನಗೂಡಿನ ಹೊಳೆ ಮೆಟ್ಟಿಲ ಮೇಲೆ ಜಾರಿ ಬಿದ್ದಳು, ಅಷ್ಟೇ. ಎಕ್ಸ್‌ರೇ ಸರಿಯಿದೆ, ಸ್ಕ್ಯಾನ್ ಸರಿಯಿದೆ, ಕೈ ಮಾತ್ರ ಒದ್ದೆ ಟವೆಲಿನ ಹಾಗೆ ಜೋತುಬಿದ್ದಿದೆ. ಸಾಲದ್ದಕ್ಕೆ ಒಂದು ಮಧ್ಯಾಹ್ನ ಮಲಗಿದ್ದವಳು ನಿದ್ದೆಯಲ್ಲೇ ಅದೇ ಕೈಯಿಂದ ಕೆನ್ನೆಯ ಸೊಳ್ಳೆ ಹೊಡೆದುಕೊಂಡಳು. ಕಣ್ಣಾರೆ ಕಂಡೆ. ನನಗೆ ಮೈಯೆಲ್ಲ ಉರಿಯಿತು. ಮುದ್ದೆ ಕಟ್ಟಲು ನಾನು, ಪಾತ್ರೆ ತಿಕ್ಕಲು ನಾನು, ಇವಳದ್ದು ನಾಟಕ!

"ಇವತ್ತು ನರದ ಡಾಕ್ಟ್ರ ತಾವ ಓಗ್ಮ. ನಾಟ್ಕ ಅಂತ ಗೊತ್ತಾಗ್ಲಿ, ಅಲ್ಲಿಂದ್ಲೇ ಮೂಗೂರ್ ಬಸ್ ಅತ್ತಿಸ್ತೀನಿ. ನಿಮ್ಮಪ್ಪನ ಮನೇಲಿ ಆಡು!" ಎಂದೆ. ಅವಳು ಎಡಗೈಯಲ್ಲೇ ಚೀಲಕ್ಕೆ ಬಟ್ಟೆ ತುಂಬಿಕೊಂಡಳು.

ಆಸ್ಪತ್ರೆಯಲ್ಲಿ ನರದ ಡಾಕ್ಟರ್ ವನಜಾಕ್ಷಿ ಇಂಗ್ಲಿಷ್ ಎಂಟರ ಆಕಾರದ ತಂತಿ ಸುರುಳಿಯೊಂದನ್ನು ಅವಳ ತಲೆಯ ಮೇಲೆ ಹಿಡಿದರು. ಟಪ್ ಎಂದಿತು. ಬಲಗೈ ಹೆಬ್ಬೆರಳು ನೆಗೆಯಿತು.

"ನೋಡುದ್ರಾ ಡಾಕ್ಟ್ರಮ್ಮ! ನಾನ್ ಯೋಳ್ನಿಲ್ವಾ!" ಎಂದು ಎದ್ದೇ ನಿಂತೆ.

ಡಾಕ್ಟರ್ ನಗಲಿಲ್ಲ. "ಇದು ಅಯಸ್ಕಾಂತ, ಜವರಮ್ಮನವರೇ. ಇದರ ಶಕ್ತಿ ತಲೆಬುರುಡೆ ದಾಟಿ ಮಿದುಳಿನ ನರ ಎಬ್ಬಿಸುತ್ತೆ. ನೀವೂ ಕೂತು ನೋಡಿ." ಫಿಟ್ಸ್ ಇದೆಯಾ, ತಲೆಯಲ್ಲಿ, ಎದೆಯಲ್ಲಿ ಲೋಹ ಹಾಕಿದ್ದಾರಾ ಎಂದೆಲ್ಲ ವಿಚಾರಿಸಿ, ಓಲೆ ಬಿಚ್ಚಿಸಿದರು. "ಕೈ ಅಲ್ಲಾಡಿಸಬೇಡಿ."

"ನನ್ ಕೈ ನಾನ್ ಯೋಳ್ದಂಗ್ ಕೇಳ್ತದೆ ಕಣವ್ವ" ಎಂದು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಟಪ್. ನನ್ನ ಬೆರಳು ತಾನಾಗಿ ಎದ್ದಿತು.

"ಅಯ್ಯೋ ಶಿವನೇ! ನಾನ್ ಎತ್ನಿಲ್ಲ! ದೇವ್ರಾಣೆಗೂ ನಾನ್ ಎತ್ನಿಲ್ಲ!"

"ನಂಬ್ತೀನಿ. ನೀವು ಬೇಡ ಅಂದ್ರೂ ನಿಮ್ಮ ಬೆರಳು ಎದ್ದಿತು. ಇವರು ಏಳು ಅಂದ್ರೂ ಇವರ ಕೈ ಏಳ್ತಿಲ್ಲ. ನರ ಚೆನ್ನಾಗಿದೆ, ಇವರ ಮಾತು ಕೈಗೆ ತಲುಪ್ತಿಲ್ಲ. ಇದೂ ಕಾಯಿಲೆನೇ ಅಮ್ಮ."

"ಮತ್ತೆ ನಿದ್ದೇಲಿ ಅದೇ ಕೈಲಿ ಸೊಳ್ಳೆ ಒಡ್ಕಂಡ್ಲಲ್ಲ?"

"ನಿದ್ದೇಲಿ ಕೈ ಎತ್ತಬೇಕು ಅಂತ ಯಾರೂ ಯೋಚಿಸಲ್ಲ. ಅದಕ್ಕೇ ಅದು ತಾನಾಗಿ ಹೋಯ್ತು. ಅಭ್ಯಾಸ ಮಾಡಿಸಿದ್ರೆ ವಾಸಿ ಆಗಬಹುದು." ಡಾಕ್ಟರ್ ದಿವ್ಯಳ ಕಡೆ ತಿರುಗಿದರು. "ಮನೇಲಿ ಯಾರಾದ್ರೂ ನಾಟಕ ಅಂತಾರಾ? ಅಂಥ ಮಾತು ಕೇಳ್ತಿದ್ರೆ ವಾಸಿ ಆಗೋದು ಕಷ್ಟ."

"ಯಾರೂ ಅನ್ನಲ್ಲ ಮೇಡಂ" ಎಂದಳು ದಿವ್ಯ. "ನಮ್ಮತ್ತೆ ಚೆನ್ನಾಗಿ ನೋಡ್ಕತಾರೆ."

ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

"ಸುಳ್ಳು ಡಾಕ್ಟ್ರಮ್ಮ" ಎಂದೆ. "ಅಂದೋಳು ನಾನೇ. ದಿನಾ ಅಂದಿವ್ನಿ. ಅದೇನ್ ಅಭ್ಯಾಸ ಮಾಡಿಸ್ಬೇಕೋ ನಂಗೇ ಯೋಳ್ಕೊಡಿ."